ನಮ್ಮ ತೋಡು ಶುದ್ಧವಾದದ್ದು

ಒಳ್ಳೆ ಕೆಲಸಕ್ಕೆ ಕೈ ಹಾಕಿದವನಿಗೆ ನಗುವ ಸಂಗತಿಗಳಿಗೇನೂ ಬರ ಇಲ್ಲ ಮಾರಾಯ್ರೆ. ನಗು ಮಾತ್ರ ಬರುವುದಿಲ್ಲ.

ಮೂಡುಬಿದಿರೆಯಲ್ಲಿ ನಮ್ಮ ಮನೆ ಪಾರ್ಕಿಗೆ ತಾಗಿಕೊಂಡೇ ಉಂಟು. ಪಾರ್ಕಿನ ನಡುವೆ ಒಂದು ತೋಡು, ಅಂದರೆ ಸಣ್ಣ ಹಳ್ಳ. ಹೆಸರಿಗೆ ತೋಡು, ಹರಿಯುವುದು ಊರಿನ ಕೊಚ್ಚೆ. ಅದು ಮಣ್ಣಿಗೆ ಇಳಿದು ಇಳಿದು ನಮ್ಮ ಬಾವಿಯೂ ನಾರತೊಡಗಿತು. ಹೆಂಡತಿ ಬಾವಿಗೆ ಹಲಗೆ ಮುಚ್ಚಿ, "ಈ ನೀರು ಕುಡಿಯುವ ಹಾಗೆ ಮಾಡಿ ನೋಡುವ" ಅಂದಳು. ಬಸ್ ಕಂಡಕ್ಟರಾಗಿ ನಿವೃತ್ತನಾದ ನಾನು ವಾರ್ಡಿನ ತೋಡು ಶುದ್ಧ ಮಾಡುವ ಸಮಿತಿ ಸೇರಿದೆ.

ಸಲಿಕೆ

ಶ್ರಮದಾನಕ್ಕೆ ಇಡೀ ವಾರ್ಡು ಬಂತು, ಬಿಳಿ ಅಂಗಿ ಹಾಕಿಕೊಂಡು. ಹೂಳು ತೆಗೆಯಲಿಕ್ಕೆ ಬಿಳಿ ಅಂಗಿ! ಇದ್ದ ಒಂದೇ ಸಲಿಕೆ ಕೈಯಿಂದ ಕೈಗೆ ಹೋಯಿತು, ಎಲ್ಲರೂ ಅದನ್ನು ಹಿಡಿದು ಫೋಟೋ ತೆಗೆಸಿಕೊಂಡರು.

"ಇನ್ನು ನನಗೆ ಕೊಡಿ, ಸ್ವಲ್ಪ ಕೆಸರು ತೆಗೆಯುವ" ಅಂದೆ.

ಸಮಿತಿಯ ಅಧ್ಯಕ್ಷರಿಗೆ ಮಂಡೆ ಬಿಸಿಯಾಯಿತು. "ತಡೀರಿ ಮಾರಾಯ್ರೆ! ಕೆಸರಾದರೆ ಉಳಿದವರು ಹಿಡಿಯುವುದು ಹೇಗೆ?"

ಪೈಪು

ಪೊದೆಯೊಳಗೆ ಒಂದು ದಪ್ಪ ಪೈಪು ಸಾರು, ಎಣ್ಣೆ, ಪಾತ್ರೆ ತೊಳೆದ ನೀರು ಎಲ್ಲವನ್ನೂ ತೋಡಿಗೆ ಕಕ್ಕುತ್ತಿತ್ತು. ಮೇಲಿನ ಹೋಟೆಲಿನ ಧನಿಗಳನ್ನು ಕೇಳಿದೆ.

"ದೇವರಾಣೆ ನನ್ನದಲ್ಲ" ಅಂದರು.

ಯಾರದ್ದೂ ಅಲ್ಲವಲ್ಲ, ಗೋಣಿ ತುರುಕಿ ಮುಚ್ಚಿದೆ. ಮರುದಿನ ಬೆಳಿಗ್ಗೆ ಧನಿಗಳು ಮೊಣಕಾಲವರೆಗೆ ಒದ್ದೆಯಾಗಿ ನಮ್ಮ ಗೇಟಿನಲ್ಲಿ ನಿಂತು ಬೊಬ್ಬೆ ಹಾಕಿದರು. "ನನ್ನ ಪೈಪು ಮುಚ್ಚಿದ್ದು ಯಾರು?"

ಫಲ

ನಾಚಿಕೆಯಿಂದಲೋ ಏನೋ, ಅವರೇ ಪೈಪನ್ನು ಬೇರೆ ಕಡೆಗೆ ತಿರುಗಿಸಿದರು. ನಾವು ನಾಲ್ಕೈದು ಮಂದಿ ಇಡೀ ಬೇಸಿಗೆ ಕೆಸರು ಹೊತ್ತೆವು. ಸೊಂಟ ಬಿದ್ದುಹೋಯಿತು. ಆದರೆ ಮಳೆಗಾಲ ಮುಗಿಯುವಾಗ ತೋಡಿನ ತಳದ ಕಲ್ಲು ಕಂಡಿತು, ಸಣ್ಣ ಮೀನು ಬಂತು. ಹೆಂಡತಿ ಬಾವಿಯ ಹಲಗೆ ತೆಗೆದಳು. ಒಂದು ಕೊಡ ಸೇದಿ, ಮೂಸಿ, ಕುಡಿದು, "ಹ್ಞಾಂ, ಇದು ನೀರು" ಅಂದಳು. ಸತ್ಯ ಹೇಳ್ತೇನೆ, ನನ್ನ ಕಣ್ಣು ಒದ್ದೆಯಾಯಿತು.

ನವರಾತ್ರಿ ಮುಗಿದ ಮರುದಿನ ಎದುರು ಮನೆಯ ಟೀಚರಮ್ಮ ತೋಡಿನ ದಂಡೆಗೆ ಬಂದರು. ಕೈಯಲ್ಲಿ ಉಬ್ಬಿದ ಪ್ಲಾಸ್ಟಿಕ್ ಚೀಲ. ಬಾಡಿದ ಹೂ, ಎಣ್ಣೆ ಬತ್ತಿ, ಗಾಜು ಒಡೆದ ದೇವರ ಪಟ. ನಾನು ಓಡಿ ಹೋಗುವಷ್ಟರಲ್ಲಿ ಚೀಲ ಸಮೇತ ನೀರಿಗೆ ಬಿಟ್ಟು ಕೈ ಮುಗಿದಾಗಿತ್ತು.

"ಎಂಥ ಸಾವು ಟೀಚರೇ! ಇಷ್ಟು ವರ್ಷ ನೀವು ಇಲ್ಲಿಗೆ ಒಂದು ಹೂ ಹಾಕಿದವರಲ್ಲ!"

"ಛೆ, ಆ ಕೊಚ್ಚೆಗೆ ದೇವರದ್ದು ಹಾಕಲಿಕ್ಕೆ ಆಗ್ತದಾ? ಬಸ್ಸಿನಲ್ಲಿ ಹೊಳೆಗೆ ಹೋಗಿ ಬಿಡ್ತಿದ್ದೆವು. ಈಗ ನೀವು ಶುದ್ಧ ಮಾಡಿದ್ದೀರಲ್ಲ, ನಿಮಗೆ ಪುಣ್ಯ ಬರ್ತದೆ" ಅಂದರು. ಆಮೇಲೆ ಹಿಂದೆ ತಿರುಗಿ ಕರೆದರು, "ಬನ್ನಿ, ಬನ್ನಿ, ನೀರು ಒಳ್ಳೆದುಂಟು!"

ಇಡೀ ಓಣಿ ಚೀಲ ಹಿಡಿದುಕೊಂಡು ಬರುತ್ತಿತ್ತು. ನಾನು ಮನೆಗೆ ಹೋಗಿ ಬಾವಿಗೆ ಹಲಗೆ ಮುಚ್ಚಿದೆ.