ಮದರ್‌ಬೋರ್ಡ್ ಎಂಬುದನ್ನು ಮಾತೃಮಂಡಳಿ ಎಂದು ಓದಿಕೊಳ್ಳುವ ಬಗ್ಗೆ

ಸಂಖ್ಯೆ: ಮೂಕೀ/ಆಟ/ಪರಿಶೀಲನೆ/ಮರುಪರಿಶೀಲನೆ
ಮೂಳೆ ಮತ್ತು ಕೀಲು ಆಸ್ಪತ್ರೆ, ಆಡಳಿತ ವಿಭಾಗ
ಮೇಲಿನ ಮಹಡಿ (ಲಿಫ್ಟ್ ಕೆಟ್ಟಿದೆ, ಕಾಲು ಮುರಿದವರು ಮೆಟ್ಟಿಲು ಬಳಸತಕ್ಕದ್ದು)

ಸುತ್ತೋಲೆ

ವಿಷಯ: ವ್ಯಾಯಾಮ ಚಿಕಿತ್ಸಾ ಕೊಠಡಿಗೆ ಕಡಿಮೆ ಖರ್ಚಿನ ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಬಿಡಿಭಾಗಗಳ ಆಯ್ಕೆ, ಹಾಗೂ ಅದರಿಂದ ಅನಧಿಕೃತವಾಗಿ ಉಂಟಾದ ಗುಣಮುಖತೆಯ ಕುರಿತು.

ಉಲ್ಲೇಖ: 1. ವ್ಯಾಯಾಮ ಚಿಕಿತ್ಸಕಿಯ ಮನವಿ.
2. ಅದೇ ಮನವಿ, ಮತ್ತೊಮ್ಮೆ.
3. ಅದೇ ಮನವಿ, ಕೆಂಪು ಶಾಯಿಯಲ್ಲಿ.

ಪ್ರಸ್ತಾವನೆ:

ಲಾರಿ ಚಾಲಕರೊಬ್ಬರ (ಬಳಕೆಯ ಹೆಸರು: ಗೇರ್ ಅಣ್ಣ) ಬಲಗೈ ಮುರಿದಿದ್ದು, ಪ್ಲಾಸ್ಟರ್ ಬಿಚ್ಚಿದ ಮೇಲೆ ಬೆರಳುಗಳು ಮಡಚಲೊಲ್ಲದೆ ಹಟ ಹಿಡಿದಿರುತ್ತವೆ. ಪರವಾನಗಿ ಕಚೇರಿಯ ಪರೀಕ್ಷೆಯಲ್ಲಿ ಸ್ಟಿಯರಿಂಗ್ ಹಿಡಿದು ತೋರಿಸದಿದ್ದರೆ ಸದರಿಯವರ ಕೆಲಸ ಹೋಗುತ್ತದೆ. ಲಾರಿ ಮಾಲೀಕರು ಈಗಾಗಲೇ ಬೇರೆಯವರನ್ನು ನೋಡಿಟ್ಟಿದ್ದಾರೆ.

ರಬ್ಬರ್ ಚೆಂಡು ಹಿಸುಕಲು ಕೊಟ್ಟರೆ ಸದರಿಯವರು ಕಿಟಕಿಯಾಚೆ ಹೋಗುವ ಲಾರಿಗಳನ್ನು ನೋಡುತ್ತಾ ಕೂರುತ್ತಾರೆಂದೂ, ಚಿಕಿತ್ಸಕಿಯ ತಮ್ಮನ ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟ ಹಾಕಿಕೊಟ್ಟಾಗ ನೋವು ಮರೆತು ಆಟದ ಸ್ಟಿಯರಿಂಗ್ ತಿರುಗಿಸಿದರೆಂದೂ ಚಿಕಿತ್ಸಕಿಯು ವರದಿ ಮಾಡಿ, ಅಗ್ಗದ ಬಿಡಿಭಾಗಗಳನ್ನು ಕೊಡಿಸಿದರೆ ಅಂಥದೊಂದು ಯಂತ್ರವನ್ನು ತಾನೇ ಜೋಡಿಸುವುದಾಗಿ ಕೋರಿರುತ್ತಾರೆ. ರೋಗಿಯು ಖುಷಿಯಿಂದ ಗುಣವಾಗುವ ಪದ್ಧತಿ ಈ ಆಸ್ಪತ್ರೆಯಲ್ಲಿ ಇದುವರೆಗೆ ಇಲ್ಲದಿರುವುದರಿಂದ, ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿ, ಸಂಬಂಧಪಟ್ಟ ಎಲ್ಲರಿಗೂ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

1. ಪ್ರೊಸೆಸರ್: ಮನವಿಯಲ್ಲಿ "ಹೊಸದು ಬೇಡ, ಹಿಂದಿನ ತಲೆಮಾರಿನದೇ ಧಾರಾಳ ಸಾಕು" ಎಂದಿದೆ. ಹಿಂದಿನ ತಲೆಮಾರಿನವರು ನಿವೃತ್ತರಾಗಿರುವುದರಿಂದ ಅವರಲ್ಲೊಬ್ಬರನ್ನು ಗೌರವಧನದ ಮೇಲೆ ಕರೆಸಿ ಕೊಠಡಿಯಲ್ಲಿ ಕೂರಿಸಲಾಗಿದೆ. ಅವರು ಸದಾ ನಿದ್ದೆ ಮಾಡುತ್ತಾರೆಂಬ ದೂರು ಬಂದಿರುತ್ತದೆ. ಕಡಿಮೆ ವಿದ್ಯುತ್ ಬಳಸುವ, ಬೇಗ ಬಿಸಿಯಾಗದ ಮಾದರಿ ಬೇಕೆಂದು ಚಿಕಿತ್ಸಕಿಯೇ ಕೇಳಿದ್ದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ.

2. ಗ್ರಾಫಿಕ್ಸ್ ಕಾರ್ಡ್: "ಇದಕ್ಕೆ ಹೆಚ್ಚು ಹಣ ಬೇಕು, ಆದರೆ ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ" ಎಂದು ಕೋರಲಾಗಿದೆ. ರೋಗಿಯನ್ನು ಖುದ್ದಾಗಿ ತಪಾಸಣೆ ಮಾಡಲಾಗಿ, ಅವರ ಎಡಗೈ ಸುಸ್ಥಿತಿಯಲ್ಲಿರುವುದು ಕಂಡುಬಂದಿದೆ. ಸೆಕೆಂಡ್ ಹ್ಯಾಂಡ್ ರೋಗಿಯ ಬಳಿಯೇ ಲಭ್ಯವಿರುವಾಗ ಹೊರಗಿನಿಂದ ಖರೀದಿಸುವುದು ದುಂದುವೆಚ್ಚವಾದ್ದರಿಂದ ಕೋರಿಕೆಯನ್ನು ತಿರಸ್ಕರಿಸಲಾಗಿದೆ.

3. ಕ್ಯಾಬಿನೆಟ್: ಭಾಗಗಳನ್ನೆಲ್ಲ ಕೊನೆಗೆ ಕ್ಯಾಬಿನೆಟ್ಟಿನೊಳಗೆ ಕೂರಿಸಬೇಕಂತೆ. ಯಾರನ್ನೇ ಆಗಲಿ ಕ್ಯಾಬಿನೆಟ್ಟಿನೊಳಗೆ ಕೂರಿಸುವ ಅಧಿಕಾರ ಆಸ್ಪತ್ರೆಗಿಲ್ಲ. ಕಡತವನ್ನು ಸಚಿವ ಸಂಪುಟಕ್ಕೆ ರವಾನಿಸಲಾಗಿ, "ಒಳಗೆ ಬರಲು ಈಗಾಗಲೇ ಸಾಕಷ್ಟು ಜನ ಕಾಯುತ್ತಿದ್ದಾರೆ" ಎಂಬ ಷರಾದೊಂದಿಗೆ ಹಿಂತಿರುಗಿದೆ.

4. ಪವರ್ ಸಪ್ಲೈ: "ಇದರಲ್ಲಿ ಮಾತ್ರ ಜಿಪುಣತನ ಮಾಡಬೇಡಿ, ಕಳಪೆಯದಾದರೆ ಮಿಕ್ಕಿದ್ದನ್ನೆಲ್ಲ ಸುಟ್ಟುಹಾಕುತ್ತದೆ" ಎಂಬ ಮಾತನ್ನು ಅನುಭವದ ಮೇಲೆ ಒಪ್ಪಲಾಗಿದೆ. ಪವರ್ ಎಲ್ಲವೂ ಆಡಳಿತ ವಿಭಾಗದಲ್ಲೇ ಉಳಿಯತಕ್ಕದ್ದು.

5. ಮದರ್‌ಬೋರ್ಡ್: ಈ ಪದವನ್ನು ಅನುವಾದ ಶಾಖೆಯು 'ಮಾತೃಮಂಡಳಿ' ಎಂದು ಕನ್ನಡಿಸಿದೆ. "ಬೇರೆ ಎಲ್ಲವೂ ಇದಕ್ಕೆ ಹೊಂದಿಕೊಳ್ಳಬೇಕು, ಇದು ಒಪ್ಪದಿದ್ದರೆ ಯಾವುದೂ ಕೆಲಸ ಮಾಡುವುದಿಲ್ಲ" ಎಂಬ ಚಿಕಿತ್ಸಕಿಯ ವಿವರಣೆಯನ್ನು ಓದಿದ ಮೇಲೆ ಶಾಖೆಗೆ ಯಾವ ಸಂಶಯವೂ ಉಳಿಯಲಿಲ್ಲ. ಅದರಂತೆ ಸಿಬ್ಬಂದಿಯ ತಾಯಂದಿರನ್ನು ಒಳಗೊಂಡ ಮಾತೃಮಂಡಳಿಯನ್ನು ರಚಿಸಿ, ಮೊಹರು ಸಹಿತ ಅಧಿಕಾರ ನೀಡಲಾಯಿತು. ಅಧ್ಯಕ್ಷತೆಯನ್ನು ಆಡಳಿತ ಅಧೀಕ್ಷಕರ ತಾಯಿಯವರಿಗೆ ವಹಿಸಲಾಯಿತು. ಆಗ ಚಿಕಿತ್ಸಕಿಯು "ಅಯ್ಯೋ ಸಾರ್, ನಾನು ಕೇಳಿದ್ದು ಪುಸ್ತಕದಷ್ಟು ಅಗಲದ ಒಂದು ಹಲಗೆ. ಈ ಅಮ್ಮಂದಿರನ್ನ ಎಲ್ಲಿಗೆ ಸಿಗಿಸಲಿ?" ಎಂದು ಕೂಗಾಡಿದ್ದು, ಅದನ್ನು ಕೃತಜ್ಞತೆಯೆಂದು ದಾಖಲಿಸಿಕೊಳ್ಳಲಾಗಿದೆ.

6. ಸದರಿ ಮಂಡಳಿಯು ಚಹಾ ಕುಡಿದು ನಡಾವಳಿ ಬರೆದು ಮನೆಗೆ ಹೋಗುವುದೆಂದು ನಿರೀಕ್ಷಿಸಲಾಗಿತ್ತು. ಬದಲಿಗೆ ಅದು ಚಿಕಿತ್ಸಕಿಯನ್ನು ಕೂರಿಸಿಕೊಂಡು ಏನು ಬೇಕೆಂದು ಕೇಳಿದೆ. ಇಂತಹ ಕ್ರಮಕ್ಕೆ ನಿಯಮಾವಳಿಯಲ್ಲಿ ಅವಕಾಶವಿರುವುದಿಲ್ಲ. ನಂತರ ಮಂಡಳಿಯು ಅವರೊಂದಿಗೆ ಅಂಗಡಿಗೇ ಹೋಗಿದ್ದು, ಬಣ್ಣಬಣ್ಣದ ದೀಪ ಮಿನುಗುವ ಪೆಟ್ಟಿಗೆ ತೋರಿಸಿದ ಅಂಗಡಿಯವನಿಗೆ "ಪೆಟ್ಟಿಗೆಯೊಳಗೆ ದೀಪ ಯಾಕಪ್ಪಾ? ಆ ಡ್ರೈವರ್ ನೋಡೋದು ಪರದೇನ ತಾನೆ? ಅದನ್ನ ಬಿಟ್ಟು ಒಳ್ಳೇ ಕಾರ್ಡ್ ಕೊಡು. ಹಳೇದಾದ್ರೂ ಸರಿ, ನಮ್ಮೆದುರಿಗೇ ಓಡಿಸಿ ತೋರಿಸು" ಎಂದು ಅಧ್ಯಕ್ಷೆ ಮೌಖಿಕ ಆದೇಶ ನೀಡಿರುತ್ತಾರೆ. ಗಾಜಿನ ಬಾಗಿಲಿನ ಪೆಟ್ಟಿಗೆಯನ್ನು, ಒರೆಸುವವರು ಯಾರೆಂದು ಕೇಳಿ, ವಾಪಸು ಇಡಿಸಲಾಗಿದೆ. ಬಿಲ್ಲು ಮಂಡಳಿಯ ಮೊಹರಿನೊಂದಿಗೆ ಬಂದಿದ್ದರಿಂದ ಲೆಕ್ಕ ಶಾಖೆಯು ಗಾಬರಿಯಲ್ಲಿ ಪಾವತಿಸಿದೆ.

7. ಹೀಗೆ ಜೋಡಣೆಯಾದ ಯಂತ್ರದಲ್ಲಿ ರೋಗಿಯು ಆಟದ ಲಾರಿಯನ್ನು ಓಡಿಸಿರುತ್ತಾರೆ. ಆಟದೊಳಗೆ ಲಾರಿ ಓಡಿಸಲು ಕೂಡ ಚಾಲ್ತಿಯಲ್ಲಿರುವ ಪರವಾನಗಿ ಇರತಕ್ಕದ್ದು ಎಂದು ಈ ಮೂಲಕ ಪೂರ್ವಾನ್ವಯವಾಗುವಂತೆ ಸೂಚಿಸಲಾಗಿದೆ. ಪರವಾನಗಿ ಇಲ್ಲದವರು ಮೊದಲು ಕೈ ಗುಣಪಡಿಸಿಕೊಂಡು, ಪರವಾನಗಿ ಪಡೆದು, ಆಮೇಲೆ ಕೈ ಗುಣಪಡಿಸಿಕೊಳ್ಳಲು ಬರತಕ್ಕದ್ದು. ಆಸ್ಪತ್ರೆಯ ಆವರಣವಾದ್ದರಿಂದ ಆಟದಲ್ಲಿ ಹಾರ್ನ್ ಮಾಡುವಂತಿಲ್ಲ.

8. ಮಂಜೂರಾತಿಗೆ ಮುನ್ನವೇ ಸದರಿಯವರ ಬೆರಳುಗಳು ಮಡಚಲಾರಂಭಿಸಿದ್ದು ಗಂಭೀರ ಲೋಪ. ಮೊದಲು ತೋರುಬೆರಳು, ಅದನ್ನು ನೋಡಿ ಉಳಿದವು. ಮಂಜೂರಾತಿ ದೊರೆಯುವವರೆಗೆ ದಾಖಲೆಯಲ್ಲಿ ಸದರಿ ಬೆರಳುಗಳು ನೆಟ್ಟಗೇ ಇರತಕ್ಕದ್ದು. ಇದೇ ದಾಖಲೆಯನ್ನು ಪರವಾನಗಿ ಕಚೇರಿಗೆ ಕಳುಹಿಸಲಾಗಿ, ಸದರಿಯವರನ್ನು ಪರೀಕ್ಷೆಗೆ ಬಿಟ್ಟುಕೊಳ್ಳಲಾಗದೆಂದು ಅಲ್ಲಿಂದ ಉತ್ತರ ಬಂದಿದೆ. ಆ ಪತ್ರವನ್ನು ಓದಿದ ಗೇರ್ ಅಣ್ಣ ಚಿಕಿತ್ಸಾ ಕೊಠಡಿಯ ಬೆಂಚಿನ ಮೇಲೆ ಕುಳಿತು, ತಮ್ಮ ಮುಷ್ಟಿಯನ್ನು ಕಟ್ಟುತ್ತಾ ಬಿಚ್ಚುತ್ತಾ, "ಅಕ್ಕಾ, ಕೈ ಸರಿಹೋದ ಮೇಲೂ ಮನೇಲಿ ಕೂರಬೇಕಾ?" ಎಂದು ಚಿಕಿತ್ಸಕಿಯನ್ನು ಕೇಳಿರುತ್ತಾರೆ. ಪ್ರಶ್ನೆಯು ನಿಗದಿತ ನಮೂನೆಯಲ್ಲಿ ಇಲ್ಲದ ಕಾರಣ ಉತ್ತರಿಸಲಾಗಿಲ್ಲ. ಚಿಕಿತ್ಸಕಿಯು ಅತ್ತಿರುತ್ತಾರೆ, ಅದಕ್ಕೂ ಪೂರ್ವಾನುಮತಿ ಪಡೆದಿಲ್ಲ.

9. ಪರವಾನಗಿ ಕಚೇರಿಯ ನಿಯಮದಲ್ಲಿ, ದಾಖಲೆಯ ಬಗ್ಗೆ ತಕರಾರಿದ್ದಲ್ಲಿ "ಆಸ್ಪತ್ರೆಯ ಮಂಡಳಿಯ ಪ್ರಮಾಣಪತ್ರ" ಅಂತಿಮ ಎಂದಿದೆ. ಯಾವ ಮಂಡಳಿ ಎಂದು ಬರೆದಿಲ್ಲ. ಈ ಲೋಪವನ್ನು ಚಿಕಿತ್ಸಕಿಯು ಗಮನಿಸಿ, ತಾನು ಅಳತೆ ಮಾಡಿದ ಬೆರಳುಗಳ ಮಡಚುವಿಕೆಯ ವಿವರವನ್ನು ಮಾತೃಮಂಡಳಿಯ ಮುಂದಿಟ್ಟಿದ್ದಾರೆ. ಮಂಡಳಿಯು "ಮುಷ್ಟಿ ಕಟ್ಟಿಸಿ ನೋಡಿದ್ದೇವೆ. ನಮ್ಮ ಕೈಯನ್ನೇ ಹಿಡಿಸಿಯೂ ನೋಡಿದ್ದೇವೆ, ನೋಯುವಷ್ಟು ಹಿಡಿದಿದ್ದಾನೆ" ಎಂದು ಬರೆದು ಮೊಹರು ಒತ್ತಿದೆ. ಪರವಾನಗಿ ಕಚೇರಿಯು ಮೊಹರನ್ನು ಮಾತ್ರ ಓದಿ, ಪರೀಕ್ಷೆ ನಡೆಸಿ, ಸದರಿಯವರನ್ನು ತೇರ್ಗಡೆ ಮಾಡಿದೆ.

10. ಪ್ರಮಾಣಪತ್ರವನ್ನು ರದ್ದುಪಡಿಸಬೇಕಾದರೆ ಅನುವಾದ ತಪ್ಪೆಂದು ಒಪ್ಪಬೇಕಾಗುತ್ತದೆ. ಈ ಇಲಾಖೆ ಹುಟ್ಟಿದಂದಿನಿಂದ ತಪ್ಪು ಒಪ್ಪಿದ ಪೂರ್ವನಿದರ್ಶನ ಸಿಕ್ಕಿಲ್ಲ. ಆದ್ದರಿಂದ ಇನ್ನು ಮುಂದೆ ಮದರ್‌ಬೋರ್ಡ್ ಎಂದರೆ ಮಾತೃಮಂಡಳಿ ಎಂದೇ ಎಲ್ಲರೂ ಓದಿಕೊಳ್ಳತಕ್ಕದ್ದು. ಗುಣಮುಖವಾದ ಕೈಯನ್ನು ಇಲಾಖೆಯ ವಾರ್ಷಿಕ ಸಾಧನೆಗಳಲ್ಲಿ ಸೇರಿಸತಕ್ಕದ್ದು. ಸರಿಯಾದ ಪದ ಬಳಸಿ ಗೊಂದಲ ಉಂಟುಮಾಡಿದ ಚಿಕಿತ್ಸಕಿಗೆ ಕಾರಣ ಕೇಳಿ ನೋಟಿಸ್ ನೀಡಲಾಗಿದೆ. ಯಂತ್ರವನ್ನು ಹೆಚ್ಚಿನ ಪರಿಶೀಲನೆಗಾಗಿ ಅಧೀಕ್ಷಕರ ಕೊಠಡಿಗೆ ಸಾಗಿಸತಕ್ಕದ್ದು.

ಸಹಿ/-
ಆಡಳಿತ ಅಧೀಕ್ಷಕರು
(ಕಂಡಿಕೆ 10ರ ಕೊನೆಯ ವಾಕ್ಯವನ್ನು ಮಾತೃಮಂಡಳಿಯ ಅಧ್ಯಕ್ಷೆಯವರು ಮನೆಯಲ್ಲಿ ಊಟದ ಹೊತ್ತಿಗೆ ಹೊಡೆದುಹಾಕಿರುತ್ತಾರೆ)

ಪ್ರತಿಗಳು:
1. ಅನುವಾದ ಶಾಖೆಗೆ, ಅಭಿನಂದನೆಗಳೊಂದಿಗೆ.
2. ಹಿಂದಿನ ತಲೆಮಾರಿನ ಪ್ರೊಸೆಸರ್ ಅವರಿಗೆ, ಎಚ್ಚರವಾದ ಮೇಲೆ.
3. ವ್ಯಾಯಾಮ ಚಿಕಿತ್ಸಕಿಗೆ, ನೋಟಿಸ್ ಸಹಿತ.
4. ಲಾರಿ ಚಾಲಕರಿಗೆ: ಮುಂಗಡ ಪ್ರತಿ ಹಿಂತಿರುಗಿದೆ. ಜವಾನ ಮುದ್ದಾಂ ಕೊಡಲು ಹೋದಾಗ ಸದರಿಯವರು ಲೋಡು ತುಂಬಿಕೊಂಡು ಹೊರಡುತ್ತಿದ್ದು, "ಕೈ ಬಿಡುವಿಲ್ಲ ಸಾರ್" ಎಂದು ಕಿಟಕಿಯಿಂದ ಹೇಳಿ ಹೋಗಿರುತ್ತಾರೆ.