ಮೂರು ಸಲ ಬೇಡವೆನ್ನುವ ಚಕ್ರವರ್ತಿ

ನನ್ನ ಷಡ್ಡಕರು ಚೀನಾ ದೇಶವನ್ನು ವಿಮಾನದ ಕಿಟಕಿಯಿಂದಲೂ ಕಂಡವರಲ್ಲ. ಆದರೂ ಮಿಂಗ್ ವಂಶವು ತಮ್ಮನ್ನು ಒಂದು ಮಾತೂ ಕೇಳದೆ ಪತನಗೊಂಡಿತಲ್ಲ ಎಂಬ ಬೇಸರ ಅವರಿಗೆ ಇಂದಿಗೂ ಇದೆ! ಅವರು ನನ್ನ ಹೆಂಡತಿಯ ಅಕ್ಕನ ಗಂಡ. ಇರುವುದು ಬ್ರಿಸ್ಬೇನಿನ ರನ್‌ಕಾರ್ನ್ ಬಡಾವಣೆಯಲ್ಲಿ. ನಾನಿರುವುದು ಅಡಿಲೇಡಿನ ಬ್ಲೇರ್ ಅಥಾಲ್‌ನಲ್ಲಿ. ಅಷ್ಟು ದೂರ ಕುಳಿತು ಇಷ್ಟು ಹತ್ತಿರದಿಂದ ನನ್ನ ಹೊಟ್ಟೆ ಉರಿಸಬಲ್ಲರೆಂದರೆ ಅದು ಸಾಮಾನ್ಯ ಪ್ರತಿಭೆಯೇ?

ಹಗಲೆಲ್ಲ ಒಂದು ಕಂಪನಿಯ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವರ ಉದ್ಯೋಗ. ಉಳಿದ ಹೊತ್ತಿನಲ್ಲಿ ಅವರು ಚೀನಾದ ರಾಜವಂಶಗಳಲ್ಲಿ ತಪ್ಪು ಹುಡುಕುತ್ತಾರೆ. ಆಳುವ ಅಪ್ಪಣೆಯನ್ನು ಕೊಡುವುದು ಆಕಾಶವೆಂದೂ, ರಾಜ ಕೆಟ್ಟರೆ ನೆರೆ ಬರಗಳ ಮೂಲಕ ಅದನ್ನು ಆಕಾಶವೇ ಹಿಂದಕ್ಕೆ ಪಡೆಯುತ್ತದೆಂದೂ ಅಲ್ಲಿಯ ಜನ ನಂಬಿದ್ದರಂತೆ. ಒಮ್ಮೆ ಬ್ರಿಸ್ಬೇನಿನ ಬಿರುಮಳೆಗೆ ನೀರು ಅವರ ಮನೆಯ ಹಾಲಿಗೇ ನುಗ್ಗಿತು. ಇವರು ಸೋಫಾದ ಮೇಲೆ ಕಾಲು ಮಡಚಿ ಕುಳಿತು ನನ್ನ ಅತ್ತಿಗೆಗೆ ಘೋಷಿಸಿದರು: “ನೋಡು, ಈ ಮನೆ ಆಳೋಕೆ ಆಕಾಶ ನಿಂಗೆ ಕೊಟ್ಟಿದ್ದ ಅಪ್ಪಣೇನ ವಾಪಸ್ ತಗೊಂಡ್ಬಿಡ್ತು.”

“ಆಕಾಶದ ಹತ್ರ ನಾನು ಆಮೇಲೆ ಮಾತಾಡ್ಕೋತೀನಿ. ನೀವು ಮೊದಲು ಮಾಪ್ ತಗೊಳ್ಳಿ.”

ರಾಜವಂಶಗಳ ಮಹಾಪಂಡಿತರು ನೆಲ ಒರೆಸಿದರು.

ಇಂಥವರ ಮೇಲೆ ನನಗೆ ಅಸೂಯೆ ಏಕೆ ಎಂದು ತಾವು ಕೇಳಬಹುದು. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು. ಯಾವ ವಿಷಯದ ಮೇಲಾದರೂ ಪರವಾಗಿಯೂ ಮಾತನಾಡಬಲ್ಲೆ, ವಿರೋಧವಾಗಿಯೂ ಮಾತನಾಡಬಲ್ಲೆ. ಕೇಳುವವರು ಸಿಗುವುದಷ್ಟೇ ಕಷ್ಟ! ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಕನ್ನಡದ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರಿಸುವುದನ್ನು ಕಂಡು ಮನಸ್ಸು ನೊಂದು, ಅಡಿಲೇಡ್, ಬ್ರಿಸ್ಬೇನ್, ಪರ್ತ್ ನಗರಗಳ ಪರಿಚಿತ ಕುಟುಂಬಗಳ ಮಕ್ಕಳಿಗೆಂದು ಪ್ರತಿ ಶನಿವಾರ ಆನ್‌ಲೈನ್ ಕನ್ನಡ ತರಗತಿ ಆರಂಭಿಸಿದೆ. ‘ಭಾಷೆಯೇ ಸಂಸ್ಕೃತಿಯ ಬೆನ್ನೆಲುಬು’ ಎಂಬ ಪೀಠಿಕೆಯಿಂದ ಶುರುಮಾಡಿದೆ. ಪೀಠಿಕೆ ಮುಗಿಯುವುದರೊಳಗೆ ಒಂದೊಂದೇ ಕ್ಯಾಮರಾ ಆರಿತು. ಕೆಲವು ಶನಿವಾರಗಳಂದು ಪರದೆಯ ಮೇಲೆ ಉಳಿಯುತ್ತಿದ್ದುದು ‘ರನ್‌ಕಾರ್ನ್ ಐಪ್ಯಾಡ್’ ಎಂಬ ಹೆಸರಿನ ಒಂದು ಕಪ್ಪು ಚೌಕ ಮಾತ್ರ. ಆ ಬಡಾವಣೆಯ ಯಾವುದೋ ಮಗು ಆಫ್ ಮಾಡಲು ಮರೆತಿರಬೇಕು ಎಂದುಕೊಂಡೆ. ಆದರೂ ಪಾಠ ನಿಲ್ಲಿಸಲಿಲ್ಲ. ಆ ಕಪ್ಪು ಚೌಕಕ್ಕೆ ಕಾಗುಣಿತ ಪೂರ್ತಿ ಹೇಳಿಕೊಟ್ಟಿದ್ದೇನೆ.

ಒಂದು ಶನಿವಾರ ನನ್ನ ಗಂಟಲು ಕಟ್ಟಿತು. ಬದಲಿಗೆ ಷಡ್ಡಕರು ಬಂದರು. ಪೀಠಿಕೆ ಇಲ್ಲ, ಬೆನ್ನೆಲುಬು ಇಲ್ಲ! ಚೀನಾದ ಮೊದಲ ಚಕ್ರವರ್ತಿ ಪ್ರಯಾಣದ ನಡುವೆ ಸತ್ತನೆಂದೂ, ಸುದ್ದಿ ಹೊರಬೀಳದಿರಲೆಂದು ಮಂತ್ರಿಗಳು ಹೆಣವನ್ನು ರಥದಲ್ಲೇ ಇಟ್ಟುಕೊಂಡು, ವಾಸನೆ ಮುಚ್ಚಲು ಜೊತೆಯಲ್ಲೇ ನಾರುವ ಮೀನಿನ ಗಾಡಿ ಓಡಿಸಿದರೆಂದೂ ಹೇಳಿದರು. ಆರಿದ್ದ ಕ್ಯಾಮರಾಗಳೆಲ್ಲ ಹೊತ್ತಿಕೊಂಡವು. ನಾರುವ ಮೀನಿನ ಮುಂದೆ ಬೆನ್ನೆಲುಬು ಸೆಟೆದು ನಿಂತೀತೇ? ನಾನು ಏನು ಕೇಳಿದರೂ “ಯಾ, ನಾ” ಎಂದು ಇಂಗ್ಲಿಷಿನಲ್ಲೇ ಗೊಣಗುವ ನನ್ನ ಸ್ವಂತ ಮಗಳು, ಪರದೆಗೆ ಮೂಗು ತಾಗಿಸಿ, ಶುದ್ಧ ಕನ್ನಡದಲ್ಲಿ ಕೇಳಿದಳು: “ದೊಡ್ಡಪ್ಪಾ, ಆಮೇಲೆ ಏನಾಯ್ತು?”

ಪಕ್ಕದ ಕೋಣೆಯಲ್ಲಿ ಬಿಸಿನೀರು ಮುಕ್ಕಳಿಸುತ್ತಿದ್ದ ನಾನು ಅದನ್ನು ಉಗುಳುವ ಬದಲು ನುಂಗಿಬಿಟ್ಟೆ.

ಆ ವರ್ಷದ ರಜೆಯಲ್ಲಿ ಬ್ರಿಸ್ಬೇನಿಗೆ ಹೋದಾಗ ಅವರು ನಮ್ಮನ್ನು ಸನ್ನಿಬ್ಯಾಂಕ್ ಬಡಾವಣೆಯ ಒಂದು ಪುಟ್ಟ ಚೀನೀ ಹೋಟೆಲಿಗೆ ಕರೆದೊಯ್ದರು. ಕಡುಬಿನಂಥ ಡಂಪ್ಲಿಂಗ್ ತಂದಿಟ್ಟ ಮುದುಕ ಮಾಲೀಕನನ್ನು ತಡೆದು ನಿಲ್ಲಿಸಿ, ಸಾಂಗ್ ವಂಶದ ರಾಜಧಾನಿ ಕೈತಪ್ಪಿದ್ದರ ಬಗ್ಗೆ ಸಂತಾಪ ಸೂಚಿಸಿದರು. ಆತ ಸಾವಧಾನವಾಗಿ ಕೇಳಿಸಿಕೊಂಡು, “ಮೇಟ್, ನಾನು ಮಲೇಷ್ಯಾದವನು,” ಎಂದ. ನನಗೆ ಪರಮಾನಂದವಾಯಿತು. ಆದರೆ ಆ ಪುಣ್ಯಾತ್ಮ ಮರುಕ್ಷಣವೇ ನಕ್ಕು, ಇನ್ನೊಂದು ತಟ್ಟೆ ಡಂಪ್ಲಿಂಗನ್ನು ಪುಕ್ಕಟೆಯಾಗಿ ತಂದಿಡಬೇಕೇ! ನಾನು ಇಷ್ಟು ವರ್ಷ ಸಮಾಜಸೇವೆ ಮಾಡಿದ್ದೇನೆ. ಯಾರಾದರೂ ಒಂದು ಬಜ್ಜಿ ಹೆಚ್ಚಿಗೆ ಕೊಟ್ಟಿದ್ದಾರೆಯೇ?

ತಿನ್ನುತ್ತ ತಿನ್ನುತ್ತ ಷಡ್ಡಕರು ಹೊಸದೊಂದು ಸಂಗತಿ ತೆಗೆದರು. “ಅಲ್ಲಿ ಒಬ್ಬ ರಾಜ ಇಳಿದು ಇನ್ನೊಬ್ಬಂಗೆ ಸಿಂಹಾಸನ ಕೊಟ್ರೆ, ಅವನು ತಕ್ಷಣ ಹೂಂ ಅನ್ನೋ ಹಾಗಿಲ್ಲ ಕಣ್ರೀ. ಮೂರು ಸಲ ಬೇಡ ಅನ್ಬೇಕು. ಹಾನ್ ವಂಶ ಮುಗಿದಾಗ್ಲೂ ಹಾಗೇ ಆಯ್ತು. ಸೈನ್ಯ ಎಲ್ಲಾ ಆ ಹೊಸಬನದೇ, ಆದ್ರೂ ಬೇಡ, ಬೇಡ, ಬೇಡ!”

“ಅದ್ರಲ್ಲೇನು ವಿಶೇಷ ಭಾವ?” ಎಂದಳು ನನ್ನ ಹೆಂಡತಿ. “ನಮ್ಮಲ್ಲಿ ಎರಡನೇ ಹೋಳಿಗೆ ಬಡಿಸೋವಾಗ ಎಲ್ಲರೂ ಅದನ್ನೇ ಅಲ್ವಾ ಮಾಡೋದು?”

ಅಷ್ಟರಲ್ಲಿ ತಟ್ಟೆಯಲ್ಲಿ ಕೊನೆಯ ಡಂಪ್ಲಿಂಗ್ ಉಳಿದಿತ್ತು. ಅತ್ತಿಗೆ ನನ್ನತ್ತ ಸರಿಸಿದರು. ಸಂಸ್ಕಾರವಂತನಾದ ನಾನು, “ಅಯ್ಯೋ, ಬೇಡ,” ಎಂದೆ. ಮಗಳು ಅದನ್ನು ಫೋರ್ಕಿನಲ್ಲಿ ಚುಚ್ಚಿ ಬಾಯಿಗೆ ಹಾಕಿಕೊಂಡಳು.

“ನಂಗೆ ಬೇಕಾಗಿತ್ತು ಕಣೇ!”

“ಬಟ್ ಯು ಸೆಡ್ ನೋ, ಅಪ್ಪ.”

ಕಳೆದ ರಜೆಯಲ್ಲಿ ಮೂರೂ ಊರಿನ ಕುಟುಂಬಗಳು ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿ ಸೇರಿದ್ದೆವು. ಪಾರ್ಕಿನ ಬಾರ್ಬೆಕ್ಯೂ ಕಲ್ಲಿನ ಮೇಲೆ ಪನೀರ್ ಚುರುಗುಟ್ಟುತ್ತಿತ್ತು. ಇಕ್ಕಳ ಹಿಡಿದು ಅದನ್ನು ಮಗುಚುತ್ತಿದ್ದವರು, ಇನ್ಯಾರು, ಷಡ್ಡಕರು. ಮಕ್ಕಳೆಲ್ಲ ಅವರ ಸುತ್ತ. ಕನ್ನಡ ತರಗತಿಗೆ ಒಬ್ಬ ಮುಖ್ಯಸ್ಥರನ್ನು ಆರಿಸುವುದು ಅಂದಿನ ಕಾರ್ಯಕ್ರಮ. ಆ ಹೊಣೆ ನನಗೆ ಬೇಕಿತ್ತು. ಮುಚ್ಚುಮರೆಯೇಕೆ, ಬಹಳ ಬೇಕಿತ್ತು! ಮೂರೂ ಊರುಗಳಲ್ಲಿ ಎದುರುಬದುರು ಕುಳಿತು ಕಲಿಸುವ ಯೋಜನೆಯೊಂದು ನನ್ನ ತಲೆಯಲ್ಲಿ ಸಿದ್ಧವಾಗಿತ್ತು.

ಆತಿಥೇಯರು, “ಶುರು ಮಾಡಿದ್ದು ಅಡಿಲೇಡ್‌ನವರು, ಅವರೇ ಇರ್ಲಿ,” ಎಂದರು.

ನಾನು ಎದ್ದು ಎದೆಯ ಮೇಲೆ ಕೈಯಿಟ್ಟೆ. “ಬೇಡ, ಬೇಡ. ನನಗಿಂತ ಯೋಗ್ಯರು ಈ ಸಭೆಯಲ್ಲಿದ್ದಾರೆ,” ಎಂದು ಹೇಳಿ, ಒತ್ತಾಯಕ್ಕೆ ಅನುಕೂಲವಾಗುವಂತೆ ಸ್ವಲ್ಪ ತಡೆದೆ.

“ಓಕೆ, ನೋ ವರೀಸ್!” ಎಂದರು ಆತಿಥೇಯರು. “ಹಾಗಾದ್ರೆ ಬ್ರಿಸ್ಬೇನ್ ಅಂಕಲ್?”

ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದರು. ಆ ಸದ್ದಿನಲ್ಲಿ ನನ್ನ ಮಗಳ ಕೈಗಳೂ ಇವೆಯೇ ಎಂದು ತಿರುಗಿ ನೋಡುವ ಧೈರ್ಯವಾಗಲಿಲ್ಲ.

“ಬೇಡಪ್ಪ,” ಎಂದರು ಷಡ್ಡಕರು. ಆತಿಥೇಯರು ಮತ್ತೆ ಕೇಳಿದರು. “ಬೇಡ ಅಂದ್ನಲ್ಲ.” ನಾನು ಹೆಂಡತಿಯ ಕಿವಿಯಲ್ಲಿ, “ನೋಡು ನಾಟಕ! ಹಾನ್ ವಂಶದ್ದು!” ಎಂದೆ. “ನಿಮ್ಮದು ಯಾವ ವಂಶದ್ದಾಗಿತ್ತು?” ಎಂದಳು. ಅಷ್ಟರಲ್ಲಿ ಮೂರನೆಯ ಬೇಡವೂ ಬಂತು. ಇನ್ನು ಪಟ್ಟಾಭಿಷೇಕವೊಂದೇ ಬಾಕಿ ಎಂದು ನಾನು ಹಲ್ಲು ಕಚ್ಚಿದೆ.

ಷಡ್ಡಕರು ಇಕ್ಕಳ ಕೆಳಗಿಟ್ಟರು. “ನನ್ನನ್ನ ಮೂರು ಸಲ ಕೇಳಿದ್ರಿ, ಬೇಡ ಅಂದೆ, ಮುಗೀತು. ಅವರನ್ನ ಒಂದೇ ಸಲ ಕೇಳಿ ಬಿಟ್ಬಿಟ್ರಲ್ಲ, ಅದ್ಯಾವ ಮರ್ಯಾದೆ? ನಾನು ಮೀನಿನ ಕಥೆ ಹೇಳಿ ಹೋಗೋನು. ಒಂದು ಮಗೂನೂ ಇಲ್ದೆ ಇದ್ದಾಗ್ಲೂ ಈ ಮನುಷ್ಯ ಪಾಠ ನಿಲ್ಲಿಸ್ಲಿಲ್ಲ. ನಂಗೊತ್ತು. ಆ ರನ್‌ಕಾರ್ನ್ ಐಪ್ಯಾಡ್ ನಂದೇ. ಖಾಲಿ ಪರದೆ ನೋಡ್ಕೊಂಡು ಕೂತಿರ್ತಾರಲ್ಲ ಅಂತ ಬಂದು ಕೂರ್ತಿದ್ದೆ. ಇನ್ನೊಂದು ಸಲ ಕೇಳ್ರೀ ಅವರನ್ನ!”

ಮಕ್ಕಳ ಗುಂಪಿನಿಂದ ನನ್ನ ಮಗಳು ಹೊರಬಂದು ನನ್ನೆದುರು ನಿಂತಳು.

“ಅಪ್ಪಾ, ನೀವೇ ಮಾಡ್ತೀರಾ?”

ಕನ್ನಡದಲ್ಲಿ! ನನ್ನನ್ನು!

ಏನೆನ್ನಲಿ? ಹಾಳು ಸಂಸ್ಕಾರ, “ಬೇಡ ಪುಟ್ಟಾ,” ಎಂದುಬಿಟ್ಟೆ. ಅಂದ ಕೂಡಲೇ ಆ ಕೊನೆಯ ಡಂಪ್ಲಿಂಗ್ ನೆನಪಾಗಿ ಜೀವ ಹಾರಿತು. ಆದರೆ ಅವಳು ಹಿಂದಿರುಗಿ ಕೂಗಿದಳು: “ದೊಡ್ಡಪ್ಪಾ, ಇದು ಸೆಕೆಂಡ್ ‘ಬೇಡ’. ಇನ್ನೊಂದಿದೆ!”

ಷಡ್ಡಕರು ಹತ್ತಿರ ಬಂದು ಎಣ್ಣೆ ಮೆತ್ತಿದ ಕೈಯನ್ನು ನನ್ನ ಹೆಗಲ ಮೇಲಿಟ್ಟರು. “ಏನ್ರೀ, ಮಾಡ್ತೀರಾ? ಬೇಗ ಹೇಳಿ, ಪನೀರ್ ಸೀದುಹೋಗ್ತಿದೆ.”

ಪರವಾಗಿಯೂ ವಿರೋಧವಾಗಿಯೂ ಮಾತನಾಡಬಲ್ಲ ನನ್ನ ಬಾಯಿಂದ ಆಗ ಹೊರಟದ್ದು ಇಷ್ಟೇ:

“ಹೂಂ.”