ಮಾವನ ಪಿಚ್ಚರಿನ ಗುಣಮಟ್ಟ ಪರೀಕ್ಷೆ

ಒಂದು ವಸ್ತು ಸರಿಯಾಗಿದೆಯೋ ಇಲ್ಲವೋ ಎಂದು ಹೇಳುವ ವಿಷಯದಲ್ಲಿ ನನ್ನನ್ನು ಮೀರಿಸುವವರು ಬಿಡದಿಯಿಂದ ಚನ್ನಪಟ್ಟಣದವರೆಗೆ ಯಾರೂ ಇಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಇದರಲ್ಲಿ ಅಹಂಕಾರವೇನೂ ಇಲ್ಲ. ಬಿಡದಿಯಲ್ಲಿ ಹೊಲಗಳನ್ನೆಲ್ಲ ನುಂಗಿ ಎದ್ದು ನಿಂತಿದ್ದ ಕಾರ್ಖಾನೆಗಳಲ್ಲೊಂದು ನನಗೆ ಗುಣಮಟ್ಟ ಪರೀಕ್ಷಕ ಎಂಬ ಹುದ್ದೆಯನ್ನೂ, ನೀಲಿ ಕೋಟನ್ನೂ, ಒಂದು ಕೆಂಪು ಮುದ್ರೆಯನ್ನೂ ಕೊಟ್ಟಿತ್ತು. ಬಂದ ಬಿಡಿಭಾಗವನ್ನು ಬೆಳಕಿಗೆ ಹಿಡಿದು, ಗೀರು ಕಂಡರೆ 'ತಿರಸ್ಕೃತ' ಎಂದು ಮುದ್ರೆ ಒತ್ತುವುದು ನನ್ನ ಕೆಲಸ. ಸಂಜೆ ಕೋಟು ಕಾರ್ಖಾನೆಯಲ್ಲೇ ಉಳಿಯುತ್ತಿತ್ತು. ಬುದ್ಧಿ ಮಾತ್ರ ನನ್ನ ಜೊತೆ ಬಸ್ಸು ಹತ್ತಿ ಮನೆಗೆ ಬರುತ್ತಿತ್ತು. ನನ್ನ ಹೆಂಡತಿ ಸವಿತಾ ಮಾಡಿದ ಮುದ್ದೆಯಲ್ಲಿ ಗಂಟು ಹುಡುಕಿದ್ದಕ್ಕೆ ಒಮ್ಮೆ ಉಪವಾಸ ಮಲಗಿದ್ದೂ ಉಂಟು!

ಇಂಥ ಮನೆಗೆ ಸವಿತಾಳ ತಂದೆ, ಅಂದರೆ ನನ್ನ ಮಾವ, ಅತ್ತೆಯ ಜೊತೆ ಬಂದು ಸೇರಿದರು. ರಾಮನಗರದಲ್ಲಿ ಜೀವನವಿಡೀ ರೇಷ್ಮೆ ನೂಲು ತೆಗೆದವರು. ಗೂಡು ಬೇಯಿಸುವ ಹಬೆ ಕುಡಿದು ಕುಡಿದು ಶ್ವಾಸಕೋಶ ಕೆಟ್ಟುಹೋಗಿತ್ತು. ಡಾಕ್ಟರು ಸವಿತಾಳನ್ನು ಹೊರಗೆ ಕರೆದು, "ಏನು ಆಸೆಯಿದ್ದರೂ ನಡೆಸಿಕೊಡಿ" ಎಂದಿದ್ದರು. ಡಾಕ್ಟರ ಬಾಯಲ್ಲಿ ಆ ಮಾತು ಬಂದಮೇಲೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅತ್ತೆ ಕೇಳಿದರು: "ಏನಾರ ತಿನ್ನಂಗಾಯ್ತದಾ?"

"ತಿನ್ನಾಕೇನೂ ಬ್ಯಾಡ. ಒಂದು ಪಿಚ್ಚರ್ ನೋಡ್ಬೇಕು" ಎಂದರು ಮಾವ.

ಅದು ಅವರ ಹರೆಯದ ಕಥೆ. ರಾಮನಗರದ ಟೆಂಟಿನಲ್ಲಿ ಭಾನುವಾರದ ಮ್ಯಾಟ್ನಿ. ರೀಲಿನ ಪೆಟ್ಟಿಗೆ ಅದಲುಬದಲಾಗಿ, ಕನ್ನಡ ಚಿತ್ರದ ಬದಲು ಇಂಗ್ಲಿಷ್ ಚಿತ್ರ ಬಂದುಬಿಟ್ಟಿತ್ತು. ಜನ ಕೂಗಾಡಿ, ಶಿಳ್ಳೆ ಹೊಡೆದು, ಎದ್ದು ಹೋದರು. ಮಾವ ಒಬ್ಬರೇ ಉಳಿದರು. ಅವರಿಗೆ ಇಂಗ್ಲಿಷಿನ ಒಂದಕ್ಷರವೂ ಗೊತ್ತಿರಲಿಲ್ಲ.

"ಆಕಾಸದ ಹಡಗು ಅಳಿಯಂದ್ರೆ. ಜೊತೇಲಿದ್ದೋರೆಲ್ಲ ಸತ್ತೋಗಿ ಒಬ್ನೇ ಉಳ್ಕತಾನೆ. ಒಳಗೆಲ್ಲ ಕತ್ಲು. ಕೊನೇಗೆ ಪಕ್ಕದಾಗೆ ಒಂದು ಬಾಗ್ಲು ತೆಕ್ಕತದೆ. ಬಿಸ್ಲು ಬತ್ತದೆ ನೋಡಿ... ಅಂತಾ ಬಿಸ್ಲ ನಾನು ಆಮ್ಯಾಕೆ ಎಲ್ಲೂ ನೋಡ್ನಿಲ್ಲ. ಅದ್ನೊಂದ್ಸಲ ನೋಡ್ಬುಟ್ರೆ ಸಾಕು."

ಇಷ್ಟೇ ತಾನೆ! ಕೆಲಸವನ್ನು ಸಂಪೂರ್ಣ ಜವಾಬ್ದಾರಿಯಿಂದ ವಹಿಸಿಕೊಂಡೆ.

ಕನಕಪುರದಲ್ಲಿ ಮುಚ್ಚುವ ಹಂತಕ್ಕೆ ಬಂದಿದ್ದ ಕ್ಯಾಸೆಟ್ ಲೈಬ್ರರಿಯೊಂದಿತ್ತು. ಅದರ ಯಜಮಾನ ಕಥೆ ಕೇಳಿದ ಕೂಡಲೇ ಚಿತ್ರ ಯಾವುದೆಂದು ಹೇಳಿ, ಧೂಳು ಒರೆಸಿ ಕ್ಯಾಸೆಟ್ ಕೊಟ್ಟ. ಅಲ್ಲಿಗೆ ಸುಮ್ಮನಾಗಿದ್ದರೆ ಆಗುತ್ತಿತ್ತು. ಅವನು ಬಾಯಿ ತಪ್ಪಿ, "ಇದು ವಿಸಿಡಿಯಲ್ಲೂ ಐತೆ ಸಾರ್, ಡಿವಿಡಿಯಲ್ಲೂ ಬಂದದೆ. ಒಂದೊಂದರಲ್ಲಿ ಒಂದೊಂದು ಥರ ಐತಂತೆ" ಎಂದ.

ಒಂದೊಂದರಲ್ಲಿ ಒಂದೊಂದು ಥರ! ಹಾಗಾದರೆ ಪರೀಕ್ಷೆಯಾಗಬೇಕು.

ಟಿವಿ ಇದ್ದದ್ದು ಮಾವ ಮಲಗುವ ಕೋಣೆಯಲ್ಲೇ. ಬೆಳಕು ಬೀಳದಂತೆ ಕಿಟಕಿಗೆ ಕಂಬಳಿ ಹೊಡೆದು, ಕ್ಯಾಸೆಟ್ ಹಾಕಿದೆ. ಆಕಾಶ ನೇರಳೆ ಬಣ್ಣಕ್ಕೆ ತಿರುಗಿತ್ತು. ನಾಯಕನ ಮುಖ ಕಾಮಾಲೆಯಾದವನಂತಿತ್ತು. ಕೊನೆಗೆ ಓಡಿಸಿ ನೋಡಿದರೆ, ಅವನು ಕತ್ತಲ ಹಡಗಿನಲ್ಲಿ ಒಬ್ಬನೇ ಕೂತು ಏನೋ ಹೇಳಲು ಬಾಯಿ ತೆರೆಯುತ್ತಾನೆ, ತಟಕ್ಕನೆ ಓಲಗ! ಮಾಗಡಿ ಕಡೆಯ ಯಾರೋ ಪುಣ್ಯಾತ್ಮರು ಚಿತ್ರದ ತುದಿಯ ಮೇಲೆ ತಮ್ಮ ಮನೆಯ ಮದುವೆಯನ್ನು ತುಂಬಿಸಿಬಿಟ್ಟಿದ್ದರು. ನಾಯಕನ ಗತಿ ಏನಾಯಿತೋ ಗೊತ್ತಿಲ್ಲ, ಮಾಂಗಲ್ಯಧಾರಣೆ ಸಾಂಗವಾಗಿ ನೆರವೇರಿತು.

ತಿರಸ್ಕೃತ!

"ಪರ್ವಾಗಿಲ್ಲ ಹಾಕಿ ಅಳಿಯಂದ್ರೆ, ನೋಡಾನ" ಎಂದರು ಮಾವ ಹಾಸಿಗೆಯಿಂದ.

"ತಡೀರಿ ಮಾವ. ಬಾಗಿಲೇ ಇಲ್ಲದ ಪಿಚ್ಚರ್ ತೋರಿಸಿದರೆ ನಾನೆಂಥ ಅಳಿಯ?"

ದೋಷವಿರುವ ಮಾಲು ಗ್ರಾಹಕನ ಕಣ್ಣಿಗೆ ಬೀಳಬಾರದು ಎಂಬುದು ಪರೀಕ್ಷಾ ವಿಭಾಗದ ಮೂಲಮಂತ್ರ. ಆದ್ದರಿಂದ ಮಾವನ ಮಂಚವನ್ನು ಗೋಡೆಯ ಕಡೆಗೆ ತಿರುಗಿಸಿದೆ. ಪಾಪ, ಗೋಡೆ ನೋಡುತ್ತ ಮಲಗಿ, ಬರೀ ಸದ್ದು ಕೇಳಿಸಿಕೊಂಡು, "ಈಗ ಏನಾಯ್ತದೆ?" ಎಂದು ಕೇಳುತ್ತಿದ್ದರು. "ಈಗ ಹೇಳಿದರೆ ಆಮೇಲೆ ಮಜಾ ಇರುವುದಿಲ್ಲ ಮಾವ" ಎಂದು ನಾನು ಸಮಾಧಾನ ಹೇಳುತ್ತಿದ್ದೆ.

ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ವಿಸಿಡಿ ಸಿಕ್ಕಿತು. ಬಣ್ಣ ವಾಸಿ. ಆದರೆ ಯಾರಾದರೂ ಓಡಿದರೆ ಚಿತ್ರವೆಲ್ಲ ಚೌಕ ಚೌಕವಾಗಿ ಒಡೆದುಹೋಗುತ್ತಿತ್ತು. ಪರದೆಯ ಎರಡು ಬದಿಯನ್ನೂ ಕತ್ತರಿಸಿದ್ದರಿಂದ ಇಬ್ಬರು ಮಾತಾಡುವಾಗ ಎರಡು ಮೂಗು ಮಾತ್ರ ಕಾಣುತ್ತಿದ್ದವು. ಕೊನೆಯಲ್ಲಿ ಹಡಗು ಕತ್ತಲಲ್ಲಿ ಹೋಗುತ್ತದೆ, ಹೋಗುತ್ತದೆ, ಮುಗಿಯಿತು. ಬಾಗಿಲಿಲ್ಲ. ಬಹುಶಃ ಕತ್ತರಿಸಿದ ಬದಿಯಲ್ಲಿ ಬಾಗಿಲು ಇದ್ದಿರಬೇಕು! ಹಾಗೆಂದು ಬೆಂಗಳೂರಿಗೆ ಹೋಗಿ ಡಿವಿಡಿ ತಂದೆ. ಅದರಲ್ಲಿ ಒಂದಲ್ಲ, ಎರಡು ಆವೃತ್ತಿ. ಒಂದು ಹಳೆಯದು, ಇನ್ನೊಂದು ನಿರ್ದೇಶಕರು ಮುಪ್ಪಿನಲ್ಲಿ ಕೂತು ತಿದ್ದಿದ್ದು. ಒಂದರ ಜೊತೆ ಒಂದನ್ನಿಟ್ಟು ನೋಡದೆ ತೀರ್ಪು ಕೊಡುವುದು ಹೇಗೆ? ಪಕ್ಕದ ಮನೆಯ ಶಿವಣ್ಣನ ಟಿವಿಯನ್ನೂ ಪ್ಲೇಯರನ್ನೂ ಹೊತ್ತು ತಂದೆ.

"ರೀ, ನಿಮ್ಮ ದಮ್ಮಯ್ಯ! ಅಪ್ಪಂಗೆ ಯಾವ್ದೋ ಒಂದು ಹಾಕಿ ತೋರ್ಸಿ" ಎಂದಳು ಸವಿತಾ.

"ಯಾವುದೋ ಒಂದು ಎನ್ನುವವರಿಂದಲೇ ಈ ದೇಶ ಹಾಳಾಗಿರುವುದು" ಎಂದೆ.

ಅವಳು ಅಪ್ಪನ ಹೊದಿಕೆ ಸರಿಪಡಿಸಿ ಅಡುಗೆಮನೆಗೆ ಹೋದಳು. ನಾಲ್ಕು ಮಾತು ಬೈದು ಹೋಗಿದ್ದರೆ ಚೆನ್ನಾಗಿತ್ತು.

ಒಂದು ಬೆಳಿಗ್ಗೆ ಮಾವನಿಗೆ ಉಸಿರು ಸಿಕ್ಕಿಕೊಂಡಿತು. ಅತ್ತೆ, ಸವಿತಾ ಇಬ್ಬರೂ ಆಸ್ಪತ್ರೆಗೆ ಕರೆದುಕೊಂಡು ಓಡಿದರು. ನಾನು ಸಂಜೆ ಬರುತ್ತೇನೆಂದು ಹಿಂದೆ ಉಳಿದೆ. ತಿದ್ದಿದ ಆವೃತ್ತಿಯ ಕೊನೆಯ ಭಾಗ ಬಾಕಿಯಿತ್ತು. ಮಧ್ಯಾಹ್ನ ಫೋನ್ ಬಂತು. ರಿಮೋಟಿನಲ್ಲಿ ಚಿತ್ರವನ್ನು ನಿಲ್ಲಿಸಿ ಫೋನ್ ಎತ್ತಿಕೊಂಡೆ. "ಅಪ್ಪ ಹೋಗ್ಬಿಟ್ರು" ಎಂದಳು ಸವಿತಾ. ಎದುರಿಗೆ ಎರಡು ಟಿವಿಗಳಲ್ಲೂ ಒಬ್ಬನೇ ಮನುಷ್ಯ ಕತ್ತಲಲ್ಲಿ ಕೂತಿದ್ದ. ಗೋಡೆಯ ಕಡೆ ತಿರುಗಿದ ಮಂಚ ಖಾಲಿಯಿತ್ತು. ನನಗೆ ತಡೆಯಲಾರದಷ್ಟು ಅಳು ಬಂತು. ಅಳುತ್ತಲೇ ಉಳಿದದ್ದನ್ನು ಓಡಿಸಿ ನೋಡಿದೆ. ಎರಡು ಆವೃತ್ತಿಯಲ್ಲೂ ಬಾಗಿಲಿರಲಿಲ್ಲ.

ಮೂರನೆಯ ದಿನ ಹಾಲು–ತುಪ್ಪ. ಸಮಾಧಿಯ ಮೇಲೆ ಎಡೆಯಿಟ್ಟು ಎಲ್ಲರೂ ದೂರ ನಿಂತೆವು. ಕಾಗೆ ಬಂದು ಮುಟ್ಟಬೇಕು. ಕಾಗೆಗಳೇನೋ ಬಂದವು. ಹುಣಸೆ ಮರದ ಮೇಲೆ ಕೂತು ಅನ್ನ ನೋಡಿದವು, ನಮ್ಮನ್ನು ನೋಡಿದವು, ಇಳಿಯಲಿಲ್ಲ. ಬಿಸಿಲು ಏರಿತು. ಜನ ಪಿಸುಗುಟ್ಟತೊಡಗಿದರು.

ತಿಪ್ಪಸಂದ್ರದಿಂದ ಬಂದಿದ್ದ ದೊಡ್ಡಯ್ಯ, ಮಾವನ ದೊಡ್ಡಪ್ಪನ ಮಗ, ಗಟ್ಟಿ ದನಿಯಲ್ಲಿ ಕೇಳಿದ: "ಏನೋ ಆಸೆ ಉಳ್ಕಂಡೈತೆ. ಏನವ್ವಾ ಅದು?"

ಅತ್ತೆ ನನ್ನ ಕಡೆ ನೋಡಿದರು. ಅವರ ಹಿಂದೆಯೇ ಇಡೀ ಜನ ನನ್ನ ಕಡೆ ನೋಡಿತು. ಕಾಗೆಗಳೂ ನನ್ನನ್ನೇ ನೋಡುತ್ತಿದ್ದವು ಎಂದು ಪ್ರಮಾಣ ಮಾಡಿ ಹೇಳಬಲ್ಲೆ.

"ಒಂದು ಪಿಚ್ಚರ್... ತೋರಿಸಬೇಕಿತ್ತು" ಎಂದೆ.

"ತೋರುಸ್ತೀನಿ ಅಂತ ಮಾತು ಕೊಡಯ್ಯ ಅಳೀಮಯ್ಯ!"

"ತೋರಿಸ್ತೀನಿ ಮಾವ."

"ಜೋರಾಗೇಳು! ಕಾಗೆಗೆ ಕೇಳ್ಬ್ಯಾಡ್ವಾ?"

"ತೋರಿಸ್ತೀನಿ ಮಾವ! ಬಾಗಿಲು ಇರೋದನ್ನೇ ತೋರಿಸ್ತೀನಿ!" ಎಂದು ಸ್ಮಶಾನದಲ್ಲಿ ನಿಂತು ಮರದ ಕಡೆ ಕೈಯೆತ್ತಿ ಕೂಗಿದೆ.

ಮರುಗಳಿಗೆಯೇ ಕಾಗೆ ಇಳಿದು ವಡೆಗೆ ಬಾಯಿ ಹಾಕಿತು. ಎಲ್ಲರೂ ಉಸಿರು ಬಿಟ್ಟರು. ನನ್ನ ಉಸಿರು ಮಾತ್ರ ನಿಂತಿತು. ಬಾಗಿಲು ಇರುವ ಆವೃತ್ತಿ ಈ ಭೂಮಿಯ ಮೇಲೆ ಎಲ್ಲಿದೆ?

ತಿಥಿಯ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಯಿಟ್ಟು, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಬರುವುದು ನಮ್ಮಲ್ಲಿ ಪದ್ಧತಿ. ಅವರು ಬಂದು ಉಂಡು ಹೋಗುವವರೆಗೆ ಯಾರೂ ಬಾಗಿಲು ತೆಗೆಯುವಂತಿಲ್ಲ. ಮಾವನ ಕೋಣೆಯಲ್ಲೇ ಅವರ ಫೋಟೋ ಇಟ್ಟು, ಮುದ್ದೆ, ಮಾಂಸದ ಸಾರು, ಎಲೆಅಡಿಕೆ, ಬೀಡಿ ಕಟ್ಟು ಎಲ್ಲ ಜೋಡಿಸಿದರು. ಪಿಚ್ಚರಿನ ಹೊಣೆ ನನ್ನದು.

ಆಗ ನನಗೆ ಹೊಳೆದದ್ದು, ನನ್ನ ವೃತ್ತಿಜೀವನದ ಅತ್ಯುನ್ನತ ಆಲೋಚನೆ. ಒಂದನ್ನೇ ಏಕೆ ಆರಿಸಬೇಕು? ಕ್ಯಾಸೆಟ್, ವಿಸಿಡಿ, ಡಿವಿಡಿ ಮೂರನ್ನೂ ಇಡೋಣ! ನಮಗೆ ಕಾಣದ ಬಾಗಿಲು ಸತ್ತವರ ಕಣ್ಣಿಗೆ ಯಾವುದರಲ್ಲಾದರೂ ಕಂಡೀತು. ಬೀದಿ ಕೊನೆಯ ಟೈಲರಂಗಡಿಯಿಂದ ಮೂರನೆಯ ಟಿವಿ ತಂದೆ. ಫೋಟೋದ ಮುಂದೆ ಮೂರನ್ನೂ ಸಾಲಾಗಿ ಇಟ್ಟು, ಮೂರರಲ್ಲೂ ಚಿತ್ರದ ಕೊನೆಯ ಭಾಗ ಬರುವಂತೆ ಹೊಂದಿಸಿ, ಗುಂಡಿಗಳನ್ನು ಒತ್ತಿ, ಕೈಮುಗಿದು, ಬಾಗಿಲೆಳೆದುಕೊಂಡು ಬಂದೆ.

ಮೊದಲು ಎಲ್ಲ ಸುಸೂತ್ರವಾಗಿತ್ತು. ಒಳಗಿನಿಂದ ಗುಂಯ್ ಎಂಬ ಸದ್ದು, ನಡುನಡುವೆ ಯಾರೋ ಮುಲುಗಿದಂತೆ ಇಂಗ್ಲಿಷು. ಹೆಂಗಸರು ಕಣ್ಣೊರೆಸಿಕೊಂಡು, "ಬಂದವ್ರೆ, ಬಂದವ್ರೆ" ಎಂದರು. ನನಗೂ ಕಣ್ಣು ಮಂಜಾಯಿತು.

ಅಷ್ಟರಲ್ಲಿ ಓಲಗ!

ಪರೀಕ್ಷಿಸಿ, ದೋಷ ಗುರುತಿಸಿ, ತಿರಸ್ಕರಿಸಿದ ಕ್ಯಾಸೆಟ್ಟನ್ನು ನಾನೇ ನನ್ನ ಕೈಯಾರೆ ಹಾಕಿ ಬಂದಿದ್ದೆ. ಸಾವಿನ ಮನೆಯಲ್ಲಿ ನಾಗಸ್ವರ, ಡೋಲು! "ಗಟ್ಟಿಮೇಳ, ಗಟ್ಟಿಮೇಳ!" ಎಂದು ಮಾಗಡಿಯ ಪುರೋಹಿತರು ಒಳಗಿನಿಂದ ಕೂಗಿದರು. ಹೊರಗೆ ಇಡೀ ಬಳಗ ಕಲ್ಲಾಗಿ ನಿಂತಿತು.

"ತಿಥಿ ಮನೇಲಿ ಓಲಗ ಊದುಸ್ತೀಯೇನಯ್ಯಾ!" ದೊಡ್ಡಯ್ಯ ಎದ್ದು ನಿಂತ. "ನಿಲ್ಸಯ್ಯ ಅದ!"

"ಬಾಗಿಲು ತೆಗೆಯುವ ಹಾಗಿಲ್ಲವಲ್ಲ!"

ತೆಗೆಯುವ ಹಾಗಿರಲಿಲ್ಲ. ಮಾವ ಉಣ್ಣುತ್ತಿದ್ದರು. ಸವಿತಾ ಸ್ಟೂಲು ಹತ್ತಿ ಮೀಟರ್ ಬೋರ್ಡಿನ ಫ್ಯೂಸು ಕಿತ್ತಳು. ಮನೆಯೆಲ್ಲ ನಿಶ್ಶಬ್ದವಾಯಿತು.

"ಅದ್ಯಾವ ಸುಡುಗಾಡು ಪಿಚ್ಚರಯ್ಯ ಅದು?" ಎಂದ ದೊಡ್ಡಯ್ಯ.

ಹೇಳಿದೆ. ರಾಮನಗರದ ಟೆಂಟು, ಅದಲುಬದಲಾದ ಪೆಟ್ಟಿಗೆ, ಆಕಾಶದ ಹಡಗು, ಕತ್ತಲು, ಬಾಗಿಲು, ಬಿಸಿಲು. ಕೇಳುತ್ತ ಕೇಳುತ್ತ ದೊಡ್ಡಯ್ಯನ ಬಾಯಿ ತೆರೆದುಕೊಂಡಿತು. ಆಮೇಲೆ ಅವನು ತೊಡೆ ತಟ್ಟಿಕೊಂಡು ನಗಲು ಶುರುಮಾಡಿದ. ನಗುತ್ತಲೇ ಅವನ ಕಣ್ಣಲ್ಲಿ ನೀರು ಬಂತು.

"ಅಯ್ಯೋ ಅದು ಪಿಚ್ಚರಲ್ಲ ಕಣಯ್ಯ! ಆಗ ಟೆಂಟಿನಾಗೆ ಗೇಟ್ ಕಾಯ್ತಿದ್ದೋನು ನಾನೇಯ. ಜನವೆಲ್ಲ ಎದ್ದೋದ್ರು, ಇವನೊಬ್ಬ ಕುಂತವ್ನೆ. ಇವನೊಬ್ನಿಗೆ ಎಷ್ಟೊತ್ತು ಓಡ್ಸಾನ ಅಂದ್ಬುಟ್ಟು, ಪಿಚ್ಚರ್ ಮುಗಿಯಾಕೆ ಮುಂಚೇನೆ ಪಕ್ಕದ ಟಾರ್ಪಾಲ್ ಎತ್ತಿಬುಟ್ಟೆ. ಸಂಜೆ ಬಿಸ್ಲು ಒಳೀಕೆ ಬಂತು. ಎದ್ದೋಗು ಅಂದ್ರೂ ಹೋಗ್ದಂಗೆ ಆ ಬಿಸ್ಲ ನೋಡ್ಕಂಡು ಕುಂತಿದ್ದ ನನ್ತಮ್ಮ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಬಹಳ ಮೆತ್ತಗೆ ಹೇಳಿದರು:

"ಹಂಗಾರೆ ಎಡೆ ತೆಗೆದ್ಮೇಲೆ, ಟಿವಿ ಚೆನ್ನಾಗಿ ಕಾಣ್ಲಿ ಅಂತ ಅವ್ರ ಕಿಟಕಿಗೆ ಕಂಬ್ಳಿ ಹೊಡ್ದಿದ್ರಲ್ಲಾ ಅಳಿಯಂದ್ರೆ, ಅದ್ನ ಒಸಿ ಕಿತ್ತಾಕ್ಬುಡಿ. ಆ ಕಿಟಕಿಗೆ ಸಂಜೆ ಹೊತ್ತು ಬಿಸ್ಲು ಬೀಳ್ತದೆ."

ಎಡೆ ತೆಗೆದ ಮೇಲೆ ಒಳಗೆ ಹೋದೆ. ಫೋಟೋದಲ್ಲಿ ಮಾವ ನನ್ನನ್ನೇ ನೋಡುತ್ತಿದ್ದರು. ಕಂಬಳಿ ಜಗ್ಗಿದೆ, ಬರಲಿಲ್ಲ. ಇಕ್ಕಳ ಹಾಕಿದೆ, ಬರಲಿಲ್ಲ. ಒಳ್ಳೆಯ ಉದ್ದನೆಯ ಮೊಳೆಗಳು, ಒಂದೊಂದನ್ನೂ ತಲೆ ಮುಳುಗುವವರೆಗೆ ಹೊಡೆದಿತ್ತು. ಅವು ಕಿತ್ತು ಬರುವಷ್ಟರಲ್ಲಿ ಬಿಸಿಲು ಇಳಿದುಹೋಗಿತ್ತು. ಹೊಡೆದವನು ಗುಣಮಟ್ಟ ಪರೀಕ್ಷಕನಲ್ಲವೇ!